ಕ್ಯಾಲೆಂಡರಿನ ಹೊಲ

ಏನೇ ಹುಡುಗಿ,

ನಾನು ಹೊಲಕ್ಕೆ ಹೊರಟೆ. ನಿನ್ನೆ ಜಮೀನಿನ ಸಭೆಯಲ್ಲಿ ಅಷ್ಟು ಹೊತ್ತು ನಿಂತು ಮಾತಾಡಿದವಳು ಇವತ್ತೊಂದು ದಿನ ಮಲಗಲಿ ಅಂತ ಎಬ್ಬಿಸಲಿಲ್ಲ. ನಾಳೆಯಿಂದ ಈ ರಾಜೋಪಚಾರ ಇರಲ್ಲ.

ಹಾಲು ಕಾಸಿದ್ದೀನಿ. ಮೇಕೆಗೆ ಸೊಪ್ಪು ನೀನೇ ಹಾಕು. ನಿನ್ನ ಗಂಡನಿಗೆ ಹೇಳಿದರೆ ಹಾಕಿದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚಾಗುತ್ತೆ.

ಅಡುಗೆಮನೆಯಲ್ಲಿ ಡಬ್ಬಿಗಳೆಲ್ಲ ನೆಲದ ಮೇಲಿವೆ, ಎಡವಬೇಡ. ಕಪಾಟಿಗೆ ನಾನು ಹಾಸಿದ್ದ ಹಳೇ ಕ್ಯಾಲೆಂಡರ್ ಹಾಳೆಗಳು, ನೀನು ಸಭೆಗೆ ಒಯ್ದದ್ದು ಬಿಟ್ಟು, ಇನ್ನೂ ಒಂದಷ್ಟು ಉಳಿದಿದ್ದವು. ಬಿಡಿಸಿ, ಒರೆಸಿ, ನಿನ್ನ ಮೇಜಿನ ಮೇಲಿಟ್ಟಿದ್ದೀನಿ.

ಯಾವ ಪಾತಿಯಲ್ಲಿ ಏನು ಬಿತ್ತಿದೆವು, ಏನು ಕಿತ್ತೆವು ಅಂತ ದಿನಾ ಅದರಲ್ಲಿ ಗೀಚುತ್ತಿದ್ದೆಯಲ್ಲ, "ಹೊಲಕ್ಕೂ ದಿನಚರಿ ಬೇಕೇನೇ?" ಅಂತ ನಕ್ಕವಳು ನಾನೇ. ನಿನ್ನೆ ನಕ್ಷೆ ಹಿಡಿದು ಬಂದಿದ್ದ ಆ ಅಧಿಕಾರಿ, "ಈ ಜಮೀನು ಮೂರು ವರ್ಷದಿಂದ ಪಾಳು ಬಿದ್ದಿದೆ, ಮನೆ ಕಟ್ಟೋ ವಲಯಕ್ಕೆ ಸೇರಿಸಬಹುದು" ಅಂದರು. ನೀನು ಆ ಮೂರು ವರ್ಷದ ಹಾಳೆಗಳನ್ನು, ನನ್ನ ಎಣ್ಣೆ ಡಬ್ಬಿಯ ಕಲೆ ಸಮೇತ, ಅವರ ನಕ್ಷೆಯ ಮೇಲೇ ಹಾಸಿಬಿಟ್ಟೆ. "ಓದಿ ಸಾರ್, ಪಾಳು ಬಿದ್ದ ದಿನ ಒಂದು ತೋರಿಸಿ" ಅಂದೆ. ಪಾಪ, ಓದಿ ಓದಿ ಸುಸ್ತಾಗಿ, ಕೊನೆಗೆ ನಮ್ಮ ಹೊಲವನ್ನು ಕೃಷಿ ವಲಯದಲ್ಲೇ ಉಳಿಸಿದರು.

ಹಿಂದಿನ ಸಾಲಿನವರು ಯಾರ ಮಗಳು ಅಂತ ಕೇಳಿದರು. ನಮ್ಮವಳು ಅಂದೆ.

ಈ ವರ್ಷದ ಕ್ಯಾಲೆಂಡರಿನಲ್ಲಿ ನಿನ್ನೆಯ ಚೌಕ ಖಾಲಿ ಬಿಟ್ಟಿದ್ದೀಯ. ನಾನೇ ತುಂಬಿದ್ದೀನಿ: "ಬಿತ್ತಿದ್ದು ಏನೂ ಇಲ್ಲ. ಹೊಲ ಉಳಿಯಿತು. ಉಳಿಸಿದ್ದು ನನ್ನ ಸೊಸೆ."

ಅಕ್ಷರ ಸೊಟ್ಟಗಿದೆ ಅಂತ ತಿದ್ದಕ್ಕೆ ಹೋಗಬೇಡ.

ಅತ್ತೆ