ಬೇಲಿಯ ಪಕ್ಕದ ಜಾಗ

ಪ್ರೀತಿಯ ಅತ್ತೆ,

ಮೊನ್ನೆ ಮಧ್ಯಾಹ್ನ ರೈಲಿನಲ್ಲಿ ಮತ್ತೆ ಬಂದಿದ್ದಿರಿ. ಶಿಫ್ಟ್ ಮುಗಿಸಿ ಮ್ಯಾಕಲ್ಸ್‌ಫೀಲ್ಡಿನಲ್ಲಿ ಹತ್ತಿ ಕಿಟಕಿಗೆ ತಲೆ ಒರಗಿಸಿದ್ದಷ್ಟೇ ನೆನಪು. ಕಣ್ಣು ಬಿಟ್ಟೆನೋ ಇಲ್ಲವೋ, ಎದುರಿನ ಸೀಟಿನಲ್ಲಿ ನೀವು. ಅದೇ ಕಂದು ಕೋಟು, ತೊಡೆಯ ಮೇಲೆ ಕೈಚೀಲ. ಹೊರಗೆ ಸ್ಟಾಕ್‌ಪೋರ್ಟ್ ಊರಿಗೆ ಊರೇ ಮಂಜಿನಲ್ಲಿ ತೇಲುತ್ತಿತ್ತು. "ಗಿರಿಜಾ, ಅವ ಯಾಕ ಹಂಗ ಮೂಲ್ಯಾಗ ಹೋಗಿ ಮಲಗ್ಯಾನ?" ಎಂದು ಕೇಳಿದಿರಿ. ಅಪ್ಪಟ ಧಾರವಾಡದ ಕನ್ನಡ! ಬರ್ಲಿನ್ನಿನಲ್ಲಿ ಹುಟ್ಟಿ ಲೀಡ್ಸಿನಲ್ಲಿ ಅಜ್ಜಿಯಾದ ನಿಮಗೆ ಬದುಕಿದ್ದಾಗ ಬರುತ್ತಿದ್ದದ್ದು 'ಸಾಕು' ಮತ್ತು 'ಇನ್ನೊಂದು ಚೂರು' ಮಾತ್ರ. ಹೋದ ಮೇಲೆ ಭಾಷೆಯ ತೊಡಕು ಇರುವುದಿಲ್ಲವೇನೋ. ಆ ಧೈರ್ಯದಲ್ಲೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆ ಹಳೆಯದೇ. ಸಿಡ್ನಿ ಮಾವನನ್ನು ಲೀಡ್ಸಿನ ಯಹೂದಿ ಸ್ಮಶಾನದಲ್ಲಿ ಮಣ್ಣು ಮಾಡಿದ ದಿನವೇ ಅದು ಶುರುವಾಗಿತ್ತು. ಅವರ ಅಪ್ಪ ಅಮ್ಮ ಇಬ್ಬರೂ ನಡುವಿನ ಸಾಲಿನಲ್ಲಿ, ಒಳ್ಳೆಯ ಬಿಸಿಲು ಬೀಳುವ ಕಡೆ. ಮಾವ ಮಾತ್ರ ಕೊನೆಯ ಮೂಲೆಯಲ್ಲಿ, ಬೇಲಿಗೆ ಅಂಟಿಕೊಂಡು, ವರ್ಷವಿಡೀ ತೇವ ಆರದ ಜಾಗದಲ್ಲಿ. ನಿಮ್ಮನ್ನು ಮದುವೆಯಾದ ತಪ್ಪಿಗೆ ಸ್ಮಶಾನದ ಕಮಿಟಿಯವರು ಅಲ್ಲಿಗೆ ತಳ್ಳಿದರು ಎಂದು ನಿಮ್ಮ ಗುಮಾನಿ. ಅದಕ್ಕಿಂತ ದೊಡ್ಡ ಸಿಟ್ಟು ಮಾವನ ಮೇಲೆಯೇ. "ನಮ್ಮಮ್ಮ ಗಂಡನಿಗಾಗಿ ಬಂದೂಕಿನ ಮುಂದೆ ನಿಂತಳು. ನನ್ನ ಗಂಡನಿಗೆ ಒಂದು ಕಮಿಟಿಯ ಮುಂದೆ ನಿಂತು ಹೆಂಡತಿಗೂ ಜಾಗ ಕೊಡಿ ಅಂತ ಕೇಳೋಕೆ ಆಗಲಿಲ್ಲ," ಎನ್ನುತ್ತಿದ್ದಿರಿ. ಪ್ರತಿ ಸಲ ಹೋದಾಗಲೂ ನಿಮ್ಮವರ ಪದ್ಧತಿಯಂತೆ ಸಮಾಧಿಯ ಮೇಲೆ ಒಂದು ಕಲ್ಲಿಡುವುದು, ಆಮೇಲೆ ಜರ್ಮನ್‌ನಲ್ಲಿ ಚೆನ್ನಾಗಿ ಬಯ್ಯುವುದು. ಪಾಪ, ಎದ್ದು ಉತ್ತರ ಕೊಡಲು ಮಾವನಿಗೆಲ್ಲಿ ಸಾಧ್ಯವಿತ್ತು?

ನಿಲ್ಲುವುದು ಎಂದಾಗ ನನಗೆ ಮೊದಲು ನೆನಪಾಗುವುದು ನಮ್ಮ ಫ್ಯಾಕ್ಟರಿಯ ಗೇಟು. ಡ್ಯಾನಿಯಲ್ ಜೊತೆ ಮದುವೆಯಾದ ಹೊಸತು. ಕೆಲಸಕ್ಕೆ ಹೋದಾಗ ತಾಳಿ ಬಿಚ್ಚಿ ಲಾಕರಿನಲ್ಲಿಡುತ್ತೇನೆ, ಮ್ಯಾನೇಜರ್ ಒಳಗೆ ಬಿಡುವುದಿಲ್ಲ ಎಂದು ಊಟದ ನಡುವೆ ಸುಮ್ಮನೆ ಹೇಳಿದ್ದೆ. ನಿಮ್ಮ ಮುಖ ಬಿಳಿಚಿಕೊಂಡಿತು. ಮರುದಿನ ಸೆಕ್ಯುರಿಟಿಯವನ ಫೋನು: "ನಿಮ್ಮ ಮದರ್-ಇನ್-ಲಾ ಬಂದು ಗೇಟಿನ ಮುಂದೆ ನಿಂತಿದ್ದಾರೆ. ಕೂತ್ಕೊಳ್ಳಿ ಅಂದ್ರೂ ಕೂತ್ಕೊಳ್ತಿಲ್ಲ." ಲೀಡ್ಸಿನಿಂದ ಒಬ್ಬರೇ ರೈಲು ಬದಲಿಸಿಕೊಂಡು ಬಂದಿದ್ದಿರಿ! ತಲೆಗೆ ಕಟ್ಟಿದ್ದ ಬಲೆಯ ಟೋಪಿಯಲ್ಲೇ ಓಡಿ ಬಂದೆ.

"ಮದುವೆಯ ಗುರುತು ಬಿಚ್ಚಿಡು ಅಂದರೆ ಬಿಚ್ಚಿಟ್ಟುಬಿಡ್ತೀಯಾ?" ಎಂದು ಗದರಿದಿರಿ.

"ಅತ್ತೆ, ಅದು ಔಷಧಿ ಮಾಡೋ ಕೋಣೆ. ಒಂದು ಮಣಿ ಉದುರಿದರೆ ಇಡೀ ಬ್ಯಾಚ್ ಹಾಳು. ಎಲ್ಲರೂ ಬಿಚ್ಚಿಡಬೇಕು."

"ಆ ಮ್ಯಾನೇಜರ್? ಅವನ ಉಂಗುರ?"

"ಅವನದ್ದೂ."

"ಹಾಗಾದರೆ ಸರಿ," ಎಂದು ಕಟ್ಟೆಯ ಮೇಲೆ ಕೂತು, ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿದಿರಿ. ನನಗೆ ನಗು ತಡೆಯಲಾಗಿರಲಿಲ್ಲ. ಆದರೆ ನೀವು ಹೇಳತೊಡಗಿದ ಮೇಲೆ ಆ ನಗು ಎಲ್ಲಿ ಹೋಯಿತೋ.

ನಿಮ್ಮ ಅಪ್ಪ ಯಹೂದಿ, ಅಮ್ಮ ಅಲ್ಲ. ಹಿಟ್ಲರನ ಅಧಿಕಾರಿಗಳು ಅಮ್ಮನನ್ನು ಮತ್ತೆ ಮತ್ತೆ ಕರೆಸಿ, ಆ ಉಂಗುರ ತೆಗೆದಿಡು, ವಿಚ್ಛೇದನ ಕೊಡು, ನಿನಗೇ ಒಳ್ಳೆಯದು ಎಂದು ನಯವಾಗಿ ಹೇಳುತ್ತಿದ್ದರಂತೆ. ಯಹೂದಿಯಲ್ಲದ ಆಕೆಯ ಜೊತೆಗಿನ ಮದುವೆಯೊಂದೇ ಆತನ ಜೀವಕ್ಕಿದ್ದ ಕಾವಲು. ಕೊನೆಗೊಂದು ದಿನ ಕೆಲಸದ ಜಾಗದಿಂದಲೇ ಅಪ್ಪನನ್ನು ಎತ್ತಿಕೊಂಡು ಹೋಗಿ, ಅಂಥ ಗಂಡಂದಿರನ್ನೆಲ್ಲ ಒಂದು ಕಟ್ಟಡದಲ್ಲಿ ಕೂಡಿಹಾಕಿದರು. ಹೆಂಗಸರು ಆ ಬೀದಿಗೆ ಬಂದು ನಿಂತರು. ಯಾರೂ ಕರೆದಿರಲಿಲ್ಲ, ನಾಯಕಿ ಅಂತ ಒಬ್ಬಳಿರಲಿಲ್ಲ. ಅಮ್ಮನ ಕೈ ಹಿಡಿದಿದ್ದ ಪುಟ್ಟ ನಿಮಗೆ ಕಂಡದ್ದು ಬರೀ ಕೋಟುಗಳು, ಗುಂಡಿಗಳು, ಉಸಿರಿನ ಹಬೆ. "ಗಂಡಂದಿರನ್ನು ಬಿಡಿ!" ಎಂದು ಕೋಟುಗಳು ಕೂಗುತ್ತಿದ್ದವು ಎಂದಿರಿ. ಬಂದೂಕು ತೋರಿಸಿದಾಗ ಚದುರಿ ಬಾಗಿಲುಗಳ ಸಂದಿಗೆ ಸೇರುವುದು, ಮತ್ತೆ ಬಂದು ನಿಲ್ಲುವುದು. ಕೆಲವು ದಿನಗಳ ಮೇಲೆ ಅಪ್ಪ ಮನೆಗೆ ಬಂದರು. ಮೊದಲು ಕೇಳಿದ್ದು ಸೋಪು.

ಇಷ್ಟು ಹೇಳಿ, "ಈಗ ಹೋಗು, ನಿನ್ನ ಬ್ರೇಕ್ ಮುಗೀತು," ಎಂದಿರಿ. ಯಂತ್ರಗಳ ಸದ್ದಿನಲ್ಲಿ ಆ ದಿನವಿಡೀ ನನಗೆ ಕೋಟುಗಳೇ ಕಾಣುತ್ತಿದ್ದವು.

ಹಾಗೆ ಉಳಿದುಬಂದ ನಿಮಗೆ ಲೀಡ್ಸಿನಲ್ಲಿ ಆದದ್ದೇನು? ಬರ್ಲಿನ್ನಿನಲ್ಲಿ ಅಪ್ಪನ ರಕ್ತ ನೋಡಿ ನೀವು ಯಹೂದಿ ಎಂದಿದ್ದರು. ಇಲ್ಲಿ, ತಾಯಿ ಯಹೂದಿಯಾದರೆ ಮಾತ್ರ ಮಕ್ಕಳು ಯಹೂದಿ ಎನ್ನುವ ಕಮಿಟಿಯವರು, ಅಮ್ಮನ ಕಡೆಯಿಂದ ನೋಡಿ ಅಲ್ಲ ಎಂದರು. ಎರಡೂ ಕಡೆಯವರು ನಿಮ್ಮನ್ನು ಕೇಳಲಿಲ್ಲ. ರಿಜಿಸ್ಟರ್ ಮದುವೆಯಾಗಿ, ಯಹೂದಿ ಮನೆಗಳ ಶುಕ್ರವಾರದ ದೀಪವನ್ನು ಒಂದು ವಾರವೂ ತಪ್ಪಿಸದೆ ಹಚ್ಚಿ, ಮಾವನ ಜೊತೆ ಅಷ್ಟು ಕಾಲ ಬಾಳಿದಿರಿ. ನಿಮಗೆ ಬೇಕಿದ್ದದ್ದು ಅವರ ಪಕ್ಕ ಒಂದು ಜಾಗ. ಆಸ್ಪತ್ರೆಯಲ್ಲಿ ಕೊನೆಯ ಸಲ ಕೇಳಿದ್ದೂ ಅದನ್ನೇ. ನಾನು "ಆಗಲಿ ಅತ್ತೆ" ಎಂದೆ. ಆಗಲಿ ಎನ್ನಲು ನಾನು ಯಾರು ಹೇಳಿ? ಆದರೆ ಆ ಹೊತ್ತಿನಲ್ಲಿ ಇನ್ನೇನು...

ನೀವು ಹೋದ ಮರುದಿನ ಡ್ಯಾನಿಯಲ್ ಕಮಿಟಿಗೆ ಫೋನ್ ಮಾಡಿದ. ಬಹಳ ಮರ್ಯಾದೆಯಿಂದ, ಬಹಳ ದುಃಖದಿಂದ, ಆಗುವುದಿಲ್ಲ ಎಂದರು. ನಿಮ್ಮ ಮಗ ಫೋನಿಟ್ಟು ಕಿಟಕಿಯ ಕಡೆ ತಿರುಗಿ ನಿಂತ. ನಮ್ಮ ಮಗಳು ತಾರಾ ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು. ಅಂದೂ ಹಾಗೆಯೇ, "ಸೋ ಗ್ರ್ಯಾನಿ ವಿಲ್ ಬಿ ಆಲ್ ಅಲೋನ್?" ಎಂದಳು. ಧಾರವಾಡಕ್ಕೆ ಫೋನ್ ಹಚ್ಚಿ ಅವ್ವನ ಮುಂದೆ ಅತ್ತುಬಿಟ್ಟೆ.

"ಗಂಡನ ಬಾಜೂಕ ಮಲಗಾಕ ಯಾರ ಪರ್ಮಿಷನ್ ಬೇಕವಾ?" ಅವ್ವನಿಗೆ ನನಗಿಂತ ಸಿಟ್ಟು. "ನಾವೂ ಮಣ್ಣು ಮಾಡಾವ್ರ ಅದೀವಿ. ಮಣ್ಣಾಗ ಎಂಥಾ ಜಾತಿ? ಅಳಕೋತ ಕುಂದ್ರಬ್ಯಾಡ. ಹೋಗಿ ನಿಲ್ಲು."

ಹೋಗಿ ನಿಂತೆ. ಲೀಡ್ಸಿನ ಆ ಕಮಿಟಿಯ ಆಫೀಸಿನ ಮುಂದೆ, ಜಿನುಗು ಮಳೆಯಲ್ಲಿ, ಒಬ್ಬಳೇ. ಕೂಗಲಿಲ್ಲ. ಏನೆಂದು ಕೂಗಲಿ? ಎದುರಿನ ಅಂಗಡಿಯ ಗಾಜಿನಲ್ಲಿ ನನ್ನ ಬಿಂಬದ ಜೊತೆ ಇನ್ನಷ್ಟು ಕೋಟುಗಳು ನಿಂತಂತೆ ಕಾಣುತ್ತಿತ್ತು. ಬಸ್ಸಿಗೆ ಕಾಯುವವರೇ ಇರಬೇಕು. ಆದರೂ ಸಮಾಧಾನವಾಯಿತು.

ಬಹಳ ಹೊತ್ತಿನ ಮೇಲೆ ಕೋಲೂರಿಕೊಂಡು ಒಬ್ಬರು ಮುದುಕರು ಹೊರಬಂದರು. ಲಯನೆಲ್. ಮಾವನ ಜೊತೆ ಶಾಲೆಯಲ್ಲಿ ಓದಿದವರು, ಆಮೇಲೆ ಕಮಿಟಿಯಲ್ಲಿದ್ದವರು. "ನೆನೆದು ಹೋಗ್ತೀಯ ಮಗಳೇ. ನೀನು ಹನ್ನಾಳ ಸೊಸೆ ಅಂತ ನಿಂತಿರೋ ರೀತಿ ನೋಡಿಯೇ ಗೊತ್ತಾಯ್ತು," ಎಂದರು.

"ಅವರನ್ನ ಗಂಡನ ಪಕ್ಕ ಮಲಗಿಸೋಕೆ ಬಿಡಿ," ಎಂದೆ.

"ನಿಯಮ ಬದಲಿಸೋ ಶಕ್ತಿ ನನಗಿಲ್ಲ. ಆದರೆ ಸಿಡ್ನಿ ನಿಮಗೆ ಯಾರಿಗೂ ಹೇಳಿಲ್ಲವಾ?"

ನಾನು ಇಲ್ಲವೆಂದು ತಲೆಯಾಡಿಸಿದೆ.

"ಅವನು ನಮ್ಮ ಮುಂದೆ ಮೂರ್ನಾಲ್ಕು ಸಲ ಬಂದು ವಾದ ಮಾಡಿದ. ಆಗಲ್ಲ ಅಂದೆವು. ಅವನ ಅಪ್ಪ ಅಮ್ಮನ ಪಕ್ಕದಲ್ಲೇ ಅವನಿಗೆ ಜಾಗ ಇತ್ತು. ಅದು ಬೇಡ, ಬೇಲಿ ಪಕ್ಕದ ಮೂಲೆ ಕೊಡಿ ಅಂದ. ಬೇಲಿಯ ಆಚೆ ಕೌನ್ಸಿಲ್ ಸ್ಮಶಾನ, ಅಲ್ಲಿ ಯಾರು ಬೇಕಾದರೂ ಮಲಗಬಹುದು. ಅವನ ಜಾಗಕ್ಕೆ ಸರಿಯಾಗಿ ಆಚೆಯ ಜಾಗವನ್ನ ಹನ್ನಾಳ ಹೆಸರಿಗೆ ಹಿಡಿದಿಟ್ಟ. ನಾನೇ ಜೊತೆಗೆ ಹೋಗಿದ್ದೆ."

"ಮತ್ತೆ ಅತ್ತೆಗೆ ಯಾಕೆ ಹೇಳಲಿಲ್ಲ?"

ಲಯನೆಲ್ ನಕ್ಕರು. "ಕಮಿಟಿ ಆಗಲ್ಲ ಅಂದಿದೆ ಅಂತ ಗೊತ್ತಾಗಿದ್ದರೆ ಸಾಯೋವರೆಗೂ ಇಲ್ಲೇ ಬಂದು ನಿಂತುಬಿಡ್ತಿದ್ದಳು. ಒಳ್ಳೆ ಹೊತ್ತು ನೋಡಿ ಹೇಳ್ತೀನಿ ಅಂತಿದ್ದ. ಅಷ್ಟರಲ್ಲಿ ಸ್ಟ್ರೋಕ್ ಆಯ್ತು."

ಅದಕ್ಕೇ ಅತ್ತೆ, ಆ ಪ್ರಶ್ನೆಯನ್ನು ಹೊತ್ತುಕೊಂಡು ಇನ್ನು ರೈಲು ಹತ್ತಬೇಡಿ. ನಿಮ್ಮ ಗಂಡನನ್ನು ಯಾರೂ ಮೂಲೆಗೆ ತಳ್ಳಲಿಲ್ಲ. ಬಿಸಿಲನ್ನು ಬಿಟ್ಟು, ಹೆತ್ತವರನ್ನು ಬಿಟ್ಟು, ಆ ತೇವದ ಮೂಲೆಯನ್ನು ಅವರೇ ಹಟ ಹಿಡಿದು ಕೇಳಿ ಪಡೆದಿದ್ದರು. ನಿಮ್ಮನ್ನು ಅವರು ಹಿಡಿದಿಟ್ಟ ಜಾಗದಲ್ಲೇ ಇಟ್ಟಿದ್ದೇವೆ. ಈ ಭಾನುವಾರ ನಿಮ್ಮ ಹೆಸರಿನ ಕಲ್ಲು ನಿಲ್ಲಿಸಿದೆವು. ನಡುವೆ ಇರುವುದು ಮುಳ್ಳಿನ ಬೇಲಿಯೊಂದು, ಅದೂ ಅಲ್ಲಲ್ಲಿ ತೆಳುವಾಗಿದೆ. ಸಿಟ್ಟು ಬಿಡಿ ಇನ್ನು. ಎಡಮಗ್ಗುಲಿಗೆ ಹೊರಳಿ, ಅಲ್ಲೇ ಇದ್ದಾರೆ.

ನಿಮ್ಮ ಸೊಸೆ,
ಗಿರಿಜಾ