ವೈಫೈ ಆರಿಸಿ ನೋಡಿದ್ದು

ಹರಪನಹಳ್ಳಿ, ೧೪, ಮಂಗಳವಾರ

ಗಂಡನನ್ನು ಬಿಟ್ಟು ಬಂದ ಆ ನಟಿಯ ಸಿನಿಮಾ ಯಾರೂ ನೋಡಬಾರದಂತೆ. ಫೇಸ್‌ಬುಕ್ಕಿನಲ್ಲಿ ವಾರದಿಂದ ಇದೇ ಜಗಳ. ನಾನೂ ಸುಳ್ಳು ಹೆಸರಿಟ್ಟುಕೊಂಡು ಆಕೆಯ ಪರ ಇಳಿದಿದ್ದೇನೆ. ನನ್ನೆದುರು ಪಟ್ಟು ಹಿಡಿದು ಕೂತವನು ‘ಸತ್ಯವಾದಿ’. ಅದೂ ಸುಳ್ಳು ಹೆಸರೇ.

ಮಧ್ಯಾಹ್ನ ಕರೆಂಟು ಹೋಗಿ ಮನೆಯ ವೈಫೈ ನಿಂತಿತು. ನಾನು ಮೊಬೈಲ್ ಡೇಟಾ ಹಾಕಿಕೊಂಡು ಬರೆದೆ. ಅಲ್ಲಿಯವರೆಗೆ ಮಾತಿಗೆ ಮಾತು ಬೆಳೆಸುತ್ತಿದ್ದ ಆಸಾಮಿ ಗಪ್‌ಚುಪ್. ಕರೆಂಟು ಬಂದದ್ದೇ ತಡ, ಮತ್ತೆ ಶುರು ಹಚ್ಚಿಕೊಂಡ. ತಲೆಯಲ್ಲಿ ಹುಳ ಬಿಟ್ಟಂತಾಯಿತು. ಈ ಊರಿನವನೇ? ಈ ಓಣಿಯವನೇ?

ರಾತ್ರಿ ಊಟಕ್ಕೆ ಕೂತಾಗ ಮಾವ ಹೇಳಿದರು: “ನಿಮ್ಮಕ್ಕ ಗಂಡನ್ನ ಬಿಟ್ಟು ಬಂದಾಳಂತ ನೀ ಯಾಕ ಕುಗ್ತೀ ಯವ್ವಾ? ನಾಳಿ ಇಲ್ಲಿಗೇ ಬರ್ಲಿ. ಆಕಿನೂ ನನ್ನ ಮಗಳಿದ್ದಂಗ.” ನನಗೆ ಕಣ್ಣು ತುಂಬಿ ಬಂತು.

ಪಾತ್ರೆ ತೊಳೆದು ಬಂದು ನೋಡಿದರೆ ಸತ್ಯವಾದಿ ಹಾಜರ್. ನಮ್ಮವರು ಆಗಲೇ ಗೊರಕೆ ಹೊಡೆಯುತ್ತಿದ್ದರು. ಏನನ್ನಿಸಿತೋ, ಹೋಗಿ ವೈಫೈ ಆರಿಸಿದೆ.

ಮಾವನ ಕೋಣೆಯಿಂದ ದನಿ ಬಂತು: “ನೆಟ್ ಹೋತೇನವಾ? ಒಂಚೂರು ನೋಡು.”

ಪ್ರವಚನ ಕೇಳುತ್ತಿದ್ದಿರಬೇಕು. ದಿನಾ ಕೇಳುತ್ತಾರಲ್ಲ. ಸ್ವಿಚ್ಚು ಹಾಕಿ ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿದ್ದ ಫೋನು ಅದುರಿತು. ಸತ್ಯವಾದಿ ಬರೆದಿದ್ದ: “ಇಂಥೋಳನ್ನ ಯಾರೂ ಹೊಸ್ತಿಲ ಒಳಗ ಬಿಟ್ಕೋಬಾರ್ದು.”

“ಹಾಂ, ಬಂತವಾ, ಬಂತು,” ಎಂದರು ಮಾವ.

ನನ್ನ ಭ್ರಮೆಯೇ ಇದ್ದೀತು. ಊರಲ್ಲಿ ನೂರು ಜನ ಇದ್ದಾರೆ.

ಅಕ್ಕ ಹಡಗಲಿಯಿಂದ ಮೊದಲ ಬಸ್ಸಿಗೇ ಬರುತ್ತಾಳೆ. ಅಷ್ಟು ಬೆಳಿಗ್ಗೆ ನಮ್ಮ ಮನೆಯಲ್ಲಿ ಎದ್ದು ಬಾಗಿಲು ತೆಗೆಯುವವರು ಮಾವ ಒಬ್ಬರೇ.