ಏರುವ ನೀರಿನ ವೇಗ

ಆಗಸ್ಟ್ ೪, ಸೋಮವಾರ. ಧುಪದಾಳ

ಅಪ್ಪನ ಎದುರು ಇವತ್ತಿನಷ್ಟು ಜೋರಾಗಿ ನಾ ಎಂದೂ ಮಾತಾಡಿದ್ದಿಲ್ಲ.

ಮಧ್ಯಾಹ್ನ ಹೊಳಿ ನೀರು ನಮ್ಮ ಕುರಿ ದೊಡ್ಡಿಯಿಂದ ದೂರ ಇತ್ತು. "ಹೋದ ವರ್ಷ ಇದಕ್ಕಿಂತ ಮ್ಯಾಲ ಬಂದಿತ್ತು, ಏನೂ ಆಗಲಿಲ್ಲ" ಅಂತ ಅಪ್ಪ ಆರಾಮ ಕುಂತಿದ್ದ. ನನಗ ಸಮಾಧಾನ ಆಗಲಿಲ್ಲ. ತಾಸಿಗೊಮ್ಮೆ ನೀರಿನ ಅಂಚಿಗೆ ಒಂದೊಂದು ಕಡ್ಡಿ ನೆಟ್ಟೆ. ಕಡ್ಡಿಗಳ ನಡುವಿನ ಅಂತರ ಪ್ರತಿ ಸಲ ಹೆಚ್ಚಾಗಾಕತ್ತಿತ್ತು. ಹೋದ ವಾರ ಕಾಲೇಜಿನ್ಯಾಗ ಗಣಿತದ ಸರ್ ಡೆರಿವೇಟಿವ್ ಶುರು ಮಾಡಿದಾಗ ಹೇಳಿದ್ದು ಇದ ಅಲ್ಲೇನು? ಎಷ್ಟು ಐತಿ ಅನ್ನೋದು ಬ್ಯಾರೆ, ಈ ಕ್ಷಣ ಎಷ್ಟು ವೇಗದಾಗ ಬದಲಾಗಾಕತ್ತೈತಿ ಅನ್ನೋದು ಬ್ಯಾರೆ.

"ಅಪ್ಪಾ, ನೀರು ಎಲ್ಲೈತಿ ಅಂತ ನೋಡಬ್ಯಾಡ. ಹ್ಯಾಂಗ ಏರಾಕತ್ತೈತಿ ನೋಡು. ಕುರಿ ದಿಬ್ಬಕ್ಕ ಹೊಡಿ!"

"ನನಗ ಹೊಳಿ ಕಲಿಸ್ತೀಯೇನು?" ಅಂತ ಕಣ್ಣು ಕೆಂಪ ಮಾಡಿದ. ದೊಡ್ಡಿ ಬಾಗಲಾ ನಾನ ತಗದೆ.

ಆಯಿ, ಅಪ್ಪನ ಅವ್ವ, ನಡುವ ಬಂದಳು. "ಹುಡುಗಿ ಅಂಜ್ಯಾಳ, ಹೊಡ್ಯೋ ಅಣ್ಣಾಸಾಹೇಬ. ದಿಬ್ಬ ಹತ್ತಿದ್ರ ಕುರಿ ಸವೀತಾವೇನು?"

ತನ್ನ ಅವ್ವನ ಮಾತು ಅಪ್ಪ ಮೀರಲಿಲ್ಲ, ಕುರಿ ದಿಬ್ಬಕ್ಕ ಹೊಡದ. ದೀಪ ಹಚ್ಚೂ ಹೊತ್ತಿಗೆ ದೊಡ್ಡಿ ಪೂರಾ ನೀರಾಗ ಮುಳುಗಿತ್ತು. ಕುರಿ ಎಲ್ಲಾ ಉಳದ್ವು.

ಊಟಕ್ಕ ಕುಂತಾಗ ಅಪ್ಪ ರೊಟ್ಟಿ ಮುರದು ಹಂಗ ಹಿಡಕೊಂಡು ಕೇಳಿದ: "ನೀರು ಮನಿ ತನಕ ಬರ್ತೈತೇನವಾ?"

ಹೊಳಿ ಬಗ್ಗೆ ಅಪ್ಪ ನನ್ನ ಏನರ ಕೇಳಿದ್ದು ಇದ ಮೊದಲು. ಈ ಕ್ಷಣದ ವೇಗ ಹೇಳಬಹುದು, ನಾಳಿದು ಹ್ಯಾಂಗ ಹೇಳಲಿ? "ಗೊತ್ತಿಲ್ಲಪಾ" ಅಂದೆ. ಅವ ರೊಟ್ಟಿ ತಾಟಿನ್ಯಾಗ ಇಟ್ಟು ಎದ್ದ.

ಮಳಿ ಮತ್ತ ಜೋರ ಆತು. ಅಪ್ಪ ಇನ್ನೂ ಹೊರಗ ಅದಾನ, ಕಂದೀಲ ಹಿಡಕೊಂಡು ನೀರಿನ ಅಂಚಿಗೆ ಕಡ್ಡಿ ನೆಡಾಕತ್ತಾನ.